ಹಾರ್ನ್ ಕೇಳದ 80 ಕಿಲೋಮೀಟರ್

“ದಿನಕ್ಕೆ ನಲವತ್ತು ನಿಮಿಷ ನಡೆಯಿರಿ.” ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು, ಮಲಬದ್ಧತೆ, ನಿದ್ರಾಹೀನತೆ ಹೀಗೆ ಯಾವ ತೊಂದರೆ ಹೇಳಿಕೊಂಡು ಬಂದವರಿಗೂ ಹದಿನೆಂಟು ವರ್ಷಗಳಿಂದ ನಾನು ಹೇಳುತ್ತಾ ಬಂದಿರುವ ಮಾತಿದು. ಔಷಧಿ ಚೀಟಿಯ ಕೆಳಗೆ ‘ರಿಯಾಝತ್’ ಎಂದು ಬರೆದು ಅದರಡಿ ಗೆರೆ ಎಳೆಯುವುದು ನನ್ನ ಅಭ್ಯಾಸ. ಎಲ್ಲಿ ನಡೆಯುತ್ತೀರಿ ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.

ಎರಡು ವರ್ಷದ ಹಿಂದೆ ನನ್ನ ಮಾತಿನಂತೆ ಫಜ್ರ್ ನಮಾಝ್ ಮುಗಿಸಿ ಹೆದ್ದಾರಿಯ ಬದಿಯಲ್ಲಿ ನಡೆಯುತ್ತಿದ್ದ 58 ವರ್ಷದ ತಾಯಿಯೊಬ್ಬರಿಗೆ ಹಿಂದಿನಿಂದ ಬೈಕ್ ಬಡಿಯಿತು. ಸೊಂಟದ ಮೂಳೆ ಮುರಿಯಿತು. ನೋಡಲು ಹೋದಾಗ ಅವರು ನನ್ನನ್ನು ಬೈಯಲಿಲ್ಲ. “ಏನು ಮಾಡುವುದಮ್ಮ, ನಮ್ಮ ಬೀದಿಯಲ್ಲಿ ಚರಂಡಿ, ಸಂದಿಯಲ್ಲಿ ನಾಯಿ. ರಸ್ತೆ ಒಂದೇ ನೇರವಾಗಿರುವುದು” ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮದ್ದು ಬರೆಯುವಾಗ ಯಾವ ಅನುಪಾನದ ಜೊತೆ, ಊಟಕ್ಕೆ ಮೊದಲೋ ನಂತರವೋ ಎಂದೆಲ್ಲ ವಿವರಿಸುವ ನಾನು, ವ್ಯಾಯಾಮದ ವಿಷಯದಲ್ಲಿ ಸ್ಥಳವನ್ನೇ ಬಿಟ್ಟುಬಿಟ್ಟಿದ್ದೆ.

ಕಳೆದ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. “ಆಪಾ, ಮೂರು ದಿನ ಸೈಕಲ್ ಮೇಲೆ ಬೆಟ್ಟ ಸುತ್ತೋಣ” ಎಂದು ಅವಳು ಹೇಳಿದಾಗ ನಕ್ಕುಬಿಟ್ಟೆ. ನಾನು ಕೊನೆಯ ಬಾರಿ ಸೈಕಲ್ ತುಳಿದದ್ದು ಏಳನೇ ತರಗತಿಯಲ್ಲಿ, ಗಂಟೆಗೆ ಒಂದು ರೂಪಾಯಿ ಬಾಡಿಗೆಯ ಗಂಡಸರ ಸೈಕಲ್‌ನಲ್ಲಿ, ಒಳಪೆಡಲು ಹೊಡೆಯುತ್ತ. ಎಂಟನೇ ತರಗತಿಗೆ ಬಂದಾಗ ಅಮ್ಮಿ ಸಾಕು ಎಂದರು. ಆಮೇಲಿನ ವರ್ಷಗಳಲ್ಲಿ ಹುಡುಗಿಯರಿಗೆ ಅದೇ ಎಂಟನೇ ತರಗತಿಯಲ್ಲಿ ಸರಕಾರದ ಸೈಕಲ್ ಸಿಗುತ್ತಿದ್ದುದನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ಅಸೂಯೆಯಾಗುತ್ತಿತ್ತು. ಅದಿರಲಿ. ನನ್ನ ತೂಕ 74 ಕಿಲೋ. ನನ್ನವರಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ನಮ್ಮಿಬ್ಬರಿಗೂ ಬೆಟ್ಟವೇ?

ತಂಗಿ ಹೇಳಿದ ದಾರಿಯ ಹೆಸರು ಪಾಸ ಪಾಯಿಸ್. ದಕ್ಷಿಣ ಫ್ರಾನ್ಸಿನ ಓ-ಲಾಂಗ್ಡಾಕ್ ಎಂಬ ಬೆಟ್ಟಸೀಮೆಯಲ್ಲಿ ಬೆದಾರಿಯೂ ಪಟ್ಟಣದಿಂದ ಮಝಾಮೆ ಪಟ್ಟಣದವರೆಗೆ ಸುಮಾರು 80 ಕಿಲೋಮೀಟರ್. ಅದು ಮೊದಲು ರೈಲು ಮಾರ್ಗವಾಗಿತ್ತು. ರೈಲು ನಿಂತ ಮೇಲೆ ಹಳಿ ಕಿತ್ತು, ನೆಲ ಸಮಮಾಡಿ, ಸೈಕಲ್ ಸವಾರರಿಗೆ, ಕಾಲ್ನಡಿಗೆಯವರಿಗೆ, ಕುದುರೆ ಸವಾರರಿಗೆ ಬಿಟ್ಟುಕೊಟ್ಟಿದ್ದಾರೆ. ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. ಇಂಥವನ್ನು ಅಲ್ಲಿ ‘ವೊಆ ವೆರ್ತ್’ ಎನ್ನುತ್ತಾರೆ, ಹಸಿರು ದಾರಿ ಎಂದರ್ಥ. 1997ರಲ್ಲಿ ಬರ್ಗಂಡಿ ಸೀಮೆಯ ಜಿವ್ರಿಯಿಂದ ಕ್ಲೂನಿಯವರೆಗಿನ ಹಳೆಯ ರೈಲು ದಾರಿಯಲ್ಲಿ ಮೊದಲನೆಯದು ತೆರೆಯಿತು. ಆಮೇಲೆ ದೇಶದ ತುಂಬ ಹರಡಿದವು. ಆರ್ದೇಶ್ ಬೆಟ್ಟಗಳಲ್ಲಿರುವ ‘ದೋಲ್ಚೆ ವಿಯಾ’ 90 ಕಿಲೋಮೀಟರ್ ಉದ್ದದ್ದು.

ಬೆಟ್ಟದ ನಾಡಿನಲ್ಲಿ ನಮ್ಮಂಥವರು ಸೈಕಲ್ ತುಳಿಯಬಲ್ಲದ್ದರ ಗುಟ್ಟು ಈ ರೈಲಿನಲ್ಲೇ ಇದೆ. ಹಬೆಯ ಎಂಜಿನ್ನಿಗೆ ಕಡಿದಾದ ಏರು ಹತ್ತಲು ಆಗುವುದಿಲ್ಲ. ಆದ್ದರಿಂದ ಆ ಕಾಲದ ಎಂಜಿನಿಯರ್‌ಗಳು ಗುಡ್ಡ ಅಡ್ಡ ಬಂದಲ್ಲಿ ಸುರಂಗ ಕೊರೆದರು, ಕಣಿವೆ ಬಂದಲ್ಲಿ ಎತ್ತರದ ಸೇತುವೆ ಕಟ್ಟಿದರು, ಉಳಿದೆಡೆ ಬೆಟ್ಟದ ಪಕ್ಕೆಯನ್ನು ಕಡಿದು ದಾರಿಯನ್ನು ಬಳಸಿ ಬಳಸಿ ಒಯ್ದರು. ನೂರು ಮೀಟರ್ ಹೋದರೆ ಒಂದೆರಡು ಮೀಟರ್ ಏರು, ಅಷ್ಟೆ. ಎರಡೂ ಕಡೆ ಎತ್ತರದ ಬೆಟ್ಟಗಳಿರುತ್ತವೆ, ನಿಮ್ಮ ಚಕ್ರದ ಕೆಳಗೆ ಮಾತ್ರ ಬೆಟ್ಟ ಇರುವುದಿಲ್ಲ.

ನಾಲ್ಕು ಸೈಕಲ್ ಬಾಡಿಗೆಗೆ ತಂದೆವು. ನನಗೆ ನಡುವಿನ ಅಡ್ಡಪಟ್ಟಿ ಇಲ್ಲದ ಹೆಂಗಸರ ಸೈಕಲ್, ಚೈನಿಗೆ ಮುಚ್ಚಳವಿದ್ದದ್ದು. ಸಲ್ವಾರಿನ ಕಾಲಿಗೆ ಎಲಾಸ್ಟಿಕ್ ಪಟ್ಟಿ, ಮೇಲೆ ಮಂಡಿ ಮುಟ್ಟುವ ಹತ್ತಿ ಕುರ್ತಾ, ತೆಳುವಾದ ಹತ್ತಿಯ ಸ್ಕಾರ್ಫ್, ಅದರ ಮೇಲೆ ಹೆಲ್ಮೆಟ್. ಅಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಹೆಲ್ಮೆಟ್ ಕಡ್ಡಾಯ. ಆದರೂ ನೀವು ಹಾಕಿಕೊಳ್ಳಿ. ಸ್ಕಾರ್ಫಿನ ಪಿನ್ನು ಹೆಲ್ಮೆಟ್ಟಿನ ಅಡಿಗೆ ಬಾರದಂತೆ ಕಿವಿಯ ಹಿಂದೆ ಸಿಕ್ಕಿಸಬೇಕೆಂಬುದನ್ನು ನಾನು ಒಂದು ಗಂಟೆ ತಲೆನೋವು ಅನುಭವಿಸಿ ಕಲಿತೆ.

ಹೊರಟ ಮೊದಲ ಹತ್ತು ನಿಮಿಷ ಹ್ಯಾಂಡಲ್ ಅಲುಗಾಡಿತು. ನನ್ನ ಗಮನವೆಲ್ಲ ಬೆನ್ನ ಹಿಂದೆ ಇತ್ತು. ಯಾರೋ ಬರುತ್ತಾರೆ, ಹಾರ್ನ್ ಹೊಡೆಯುತ್ತಾರೆ, ಪಕ್ಕಕ್ಕೆ ಸರಿಯಬೇಕು ಎಂದು ಭುಜ ಎರಡೂ ಕಿವಿಯವರೆಗೆ ಏರಿದ್ದವು. ಯಾರೂ ಬರಲಿಲ್ಲ. ಅರ್ಧ ಗಂಟೆಯ ನಂತರ ಭುಜಗಳು ತಾವಾಗಿಯೇ ಕೆಳಗಿಳಿದಿದ್ದವು. ಆಗ ಮೊದಲು ಕೇಳಿಸಿದ್ದು ಚಕ್ರದಡಿ ಸಣ್ಣ ಜಲ್ಲಿ ಕಿರುಗುಡುವ ಸದ್ದು, ಆಮೇಲೆ ಕೆಳಗೆ ಓರ್ಬ್ ನದಿ, ಆಮೇಲೆ ನನ್ನದೇ ಉಸಿರು. ಇಷ್ಟು ವರ್ಷ ರೋಗಿಗಳ ಉಸಿರನ್ನು ಕಿವಿಗೊಟ್ಟು ಕೇಳಿದವಳು ನನ್ನದನ್ನು ಕೇಳಿರಲಿಲ್ಲ.

ಇಬ್ನು ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ರಿಯಾಝತ್ ಎಂದರೆ ಏನೆಂದು ವಿವರಿಸುವಾಗ ಉಸಿರನ್ನೇ ಗುರುತಾಗಿ ಹಿಡಿಯುತ್ತಾರೆ. ನಮ್ಮ ಇಚ್ಛೆಯಿಂದ ಮಾಡುವ, ಉಸಿರನ್ನು ಆಳ ಮತ್ತು ತ್ವರಿತ ಮಾಡುವ ಚಲನೆಯೇ ವ್ಯಾಯಾಮ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೂ ಅವರು ಗಡಿಯಾರ ತೋರಿಸುವುದಿಲ್ಲ, ದೇಹವನ್ನು ತೋರಿಸುತ್ತಾರೆ. ಮುಖದ ಬಣ್ಣ ಕಳೆಗಟ್ಟುತ್ತಿರುವವರೆಗೆ, ಕೈಕಾಲು ಹಗುರಾಗಿ ಆಡುತ್ತಿರುವವರೆಗೆ ಮುಂದುವರಿಸಿ. ಅವು ಕುಂದತೊಡಗಿದರೆ ನಿಲ್ಲಿಸಿ. ಇಂದಿನ ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಮಧ್ಯಮ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳುವುದು ಈ ಬಗೆಯದನ್ನೇ. ಆದರೆ ನೀವೇ ಯೋಚಿಸಿ, ಲಾರಿಯ ಸದ್ದಿನಲ್ಲಿ ನಿಮ್ಮ ಉಸಿರು ನಿಮಗೆ ಕೇಳುವುದುಂಟೇ? ಎದೆ ಬಡಿದುಕೊಳ್ಳುತ್ತಿರುವುದು ಶ್ರಮದಿಂದಲೋ ಹೆದರಿಕೆಯಿಂದಲೋ ಎಂದು ಹೇಗೆ ತಿಳಿಯಬೇಕು?

ಯೂನಾನಿಯಲ್ಲಿ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು ಆರು ಅಗತ್ಯಗಳಿವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ. ದೇಹದ ಚಲನೆಯೂ ಮನಸ್ಸಿನ ವಿಶ್ರಾಂತಿಯೂ ಒಟ್ಟಿಗೆ ಸಿಗುವ ಸಂದರ್ಭ ನಮ್ಮ ರಸ್ತೆಗಳಲ್ಲಿ ಇಲ್ಲವೆಂದೇ ಹೇಳಬೇಕು. ಬೆಚ್ಚಿಬಿದ್ದಾಗ ರಕ್ತದೊತ್ತಡ ಏರುತ್ತದೆ, ಸಕ್ಕರೆಯೂ ಏರುತ್ತದೆ. ವಾಹನದ ಸದ್ದು ಸರಾಸರಿ 53 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಸಲಹೆ ಕೊಟ್ಟಿತು. ಅದು ಇಬ್ಬರು ಸಮಾಧಾನದಿಂದ ಮಾತಾಡುವಷ್ಟು ಸದ್ದು. ನಮ್ಮ ಬಸ್ ನಿಲ್ದಾಣದ ಮುಂದೆ ನಿಂತು ಇದನ್ನು ಓದಿ ನೋಡಿ!

ಈಗ ಮೊದಲ ದಿನದ ಪೆಟ್ಟಿನ ವಿಷಯ. ನಿಜವಾದ ಹಸಿವಾಗುವವರೆಗೆ ತಿನ್ನಬಾರದು ಎಂಬುದು ನಮ್ಮ ಹಕೀಮರ ಮಾತು. ನಾನು ಅದನ್ನೇ ಹಿಡಿದು, ನನ್ನವರಿಗೆ ಬೆಳಿಗ್ಗೆ ಹಗುರವಾಗಿ ತಿನ್ನಿಸಿ ಹೊರಡಿಸಿದೆ. ಗ್ಲಿಮೆಪಿರೈಡ್ ಮಾತ್ರೆ ಎಂದಿನಂತೆ ಪೂರ್ತಿ ಕೊಟ್ಟೆ. ಬಲಕ್ಕೆ ಕಾರು ಬೆಟ್ಟದ ಕಲ್ಲಿನ ಗೋಡೆ ಎದ್ದಿತ್ತು. ಅದರ ತುದಿಗೆರೆ ಮಲಗಿದ ಹೆಣ್ಣಿನಂತೆ ಕಾಣುತ್ತದೆಂದು ಊರವರ ನಂಬಿಕೆ. ಕಾಡುಕುರಿಗಳಿವೆಯಂತೆ, ಹುಡುಕೋಣ ಎಂದು ನಾವು ಅಕ್ಕತಂಗಿ ಮೇಲೆ ನೋಡುತ್ತಿದ್ದೆವು. ಮೊನ್ಸ್ ಎಂಬ ಊರು ದಾಟಿ ಸ್ವಲ್ಪ ದೂರದಲ್ಲಿ ಹಿಂತಿರುಗಿದರೆ ಇವರು ಸೈಕಲ್ ನಿಲ್ಲಿಸಿ ಹ್ಯಾಂಡಲ್ ಮೇಲೆ ಬಾಗಿದ್ದರು. ಕೈ ನಡುಗುತ್ತಿತ್ತು, ಹಣೆ ತಣ್ಣಗೆ ಬೆವೆತಿತ್ತು. ಕೇಳಿದ್ದಕ್ಕೆ ಸಿಟ್ಟಿನಿಂದ ಉತ್ತರ ಕೊಟ್ಟರು. ಸಕ್ಕರೆ ಇಳಿದವರ ಸಿಟ್ಟನ್ನು ಮನೆಯವರು ಗುರುತಿಸಬೇಕು. ಬೆರಳು ಚುಚ್ಚಿ ನೋಡಿದರೆ 58. ಚೀಲದಲ್ಲಿದ್ದ ಹಣ್ಣಿನ ರಸ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಖರ್ಜೂರ, ಚಪಾತಿ, ಬೇಯಿಸಿದ ಮೊಟ್ಟೆ ತಿನ್ನಿಸಿ, ಒಂದು ಗಂಟೆ ಕೂರಿಸಿದೆ.

ತಪ್ಪು ನನ್ನದೇ. ಹಸಿವಿನ ನಿಯಮ ಕುಳಿತ ಮನುಷ್ಯನದು, ದಿನವಿಡೀ ತುಳಿಯುವವನದಲ್ಲ. ಅದರಲ್ಲೂ ಮಾತ್ರೆ ನುಂಗಿದವನದಂತೂ ಅಲ್ಲ. ಇನ್ಸುಲಿನ್ ಅಥವಾ ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ದೀರ್ಘ ಸವಾರಿಗೆ ಮೊದಲು ನಿಮ್ಮ ವೈದ್ಯರ ಬಳಿ ಆ ದಿನದ ಪ್ರಮಾಣ ಎಷ್ಟಿರಬೇಕೆಂದು ಕೇಳಲೇಬೇಕು. ಸಕ್ಕರೆ ನೋಡುವ ಯಂತ್ರ, ಗ್ಲೂಕೋಸ್ ಅಥವಾ ಹಣ್ಣಿನ ರಸ ಕೈಗೆಟಕುವ ಚೀಲದಲ್ಲಿರಲಿ, ಹಿಂದಿನ ಕ್ಯಾರಿಯರ್‌ನಲ್ಲಿ ಕಟ್ಟಿಡಬೇಡಿ. ಒಬ್ಬರೇ ಹೋಗಬೇಡಿ. ಸವಾರಿ ಮುಗಿದ ರಾತ್ರಿಯೂ ಸಕ್ಕರೆ ಇಳಿಯಬಹುದು, ಮಲಗುವ ಮುಂಚೆ ನೋಡಿಕೊಳ್ಳಿ. ಎದೆ ಹಿಡಿದುಕೊಂಡರೆ, ದವಡೆಗೆ ಅಥವಾ ಎಡತೋಳಿಗೆ ನೋವು ಇಳಿದರೆ ಅಲ್ಲಿಗೇ ನಿಲ್ಲಿಸಿ ಸಹಾಯ ಕರೆಯಬೇಕು. ನಲವತ್ತೈದು ದಾಟಿದವರು, ಬಿ.ಪಿ. ಇರುವವರು ಹೊರಡುವ ಮುನ್ನ ಹೃದಯ ತೋರಿಸಿಕೊಂಡೇ ಹೊರಡಿ.

ಆ ರಾತ್ರಿ ಒಲಾರ್ಗ್ ಎಂಬ ಊರಿನಲ್ಲಿ ತಂಗಿದೆವು. ಬೆಟ್ಟದ ನೆತ್ತಿಯಲ್ಲಿ ಒಂಟಿ ಗೋಪುರ, ಕೆಳಗೆ ಜೋರ್ ನದಿಗೆ ‘ಸೈತಾನನ ಸೇತುವೆ’ ಎಂಬ ಹಳೆಯ ಕಲ್ಲಿನ ಕಮಾನು. ಹೆಸರು ಕೇಳಿ ನನ್ನವರು ಬಿಸ್ಮಿಲ್ಲಾ ಎಂದು ಗಟ್ಟಿಯಾಗಿ ಹೇಳಿ ದಾಟಿದರು. ಊರೆಲ್ಲ ಏಳೂವರೆಗೇ ಕತ್ತಲು, ಮೌನ. ನಾನು ವರ್ಷಗಳ ನಂತರ ಏಳು ಗಂಟೆ ಕಾಲ ನಡುವೆ ಏಳದೆ ಮಲಗಿದೆ. ಅಕ್ಟೋಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟರ ಹೊತ್ತಿಗೆ. ಫಜ್ರ್ ಅವಸರವಿಲ್ಲದೆ ಸಿಗುತ್ತದೆ. ಜೂನ್‌ನಲ್ಲಾದರೆ ಇಶಾ ನಡುರಾತ್ರಿಯ ಹತ್ತಿರಕ್ಕೆ ಹೋಗಿ ನಿದ್ರೆ ತುಂಡಾಗುತ್ತದೆ. ಸಾಧ್ಯವಾದವರು ಸೆಪ್ಟೆಂಬರ್, ಅಕ್ಟೋಬರ್ ಆರಿಸಿಕೊಳ್ಳಿ. ಬಿಸಿಲೂ ಸೌಮ್ಯ.

ತಂಗಿಯ ಮನೆಯ ಕಪಾಟಿನಲ್ಲಿದ್ದ ಸೈಕಲ್ ಪುಸ್ತಕವೊಂದನ್ನು ಅವಳ ಯಜಮಾನರು ಚೀಲಕ್ಕೆ ಹಾಕಿಕೊಂಡಿದ್ದರು. ಅದನ್ನು ಓದಿ ಹೇಳುವಾಗ ನನಗೊಬ್ಬ ಹಕೀಮನೇ ಸಿಕ್ಕ ಹಾಗಾಯಿತು. ಪೋಲ್ ದ ವಿವಿ ಎಂಬವರು, 1853ರಲ್ಲಿ ಹುಟ್ಟಿದವರು, ಸೇಂತ್ ಎತಿಯೆನ್ ನಗರದಲ್ಲಿ ರೇಷ್ಮೆ ವ್ಯಾಪಾರಿ. ‘ವೆಲೋಸಿಯೋ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಪಂದ್ಯಕ್ಕಲ್ಲದೆ, ಊರು ನೋಡಲು, ಆರೋಗ್ಯಕ್ಕೆ ಸೈಕಲ್ ತುಳಿಯುವ ಪದ್ಧತಿಯನ್ನು ಫ್ರಾನ್ಸಿನಲ್ಲಿ ಬೆಳೆಸಿದವರು ಅವರೇ. ಬೆಟ್ಟ ಹತ್ತಲು ಗೇರ್ ಬೇಕೆಂದು ವಾದಿಸಿದರು. ಪಂದ್ಯದವರು ಅದನ್ನು ಮುದುಕರ, ಹೆಂಗಸರ ಸಾಧನವೆಂದು ಹೀಗಳೆಯುತ್ತಿದ್ದರು. ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಗೇರ್ ಬದಲಿಸುವ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೋಸಿಯೋ ಸವಾರರಿಗೆ ಏಳು ನಿಯಮ ಹೇಳಿದ್ದರು. ನಿಲುಗಡೆ ಕಡಿಮೆಯಿರಲಿ, ಚಿಕ್ಕದಿರಲಿ. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಹಸಿವು, ನಿದ್ರೆ ಕೆಡುವಷ್ಟು ದಣಿಯಬಾರದು. ಚಳಿಯಾಗುವ ಮೊದಲೇ ಹೊದೆಯಬೇಕು, ಸೆಕೆಯಾಗುವ ಮೊದಲೇ ತೆಗೆಯಬೇಕು. ದಾರಿಯಲ್ಲಿ ದ್ರಾಕ್ಷಾರಸ, ಮಾಂಸ, ತಂಬಾಕು ಬೇಡ. ಮೊದಲ ಗಂಟೆಗಳಲ್ಲಿ ಶಕ್ತಿ ಮೀರಬಾರದು. ಜಂಬಕ್ಕಾಗಿ ತುಳಿಯಬಾರದು. ಎರಡನೇ ನಿಯಮ ಕೇಳಿ ನನ್ನವರು ನನ್ನ ಮುಖ ನೋಡಿದರು. ನಾನು ಚಹಾ ಹೀರಿದೆ. ಪಾಪ, ಇಷ್ಟು ಹೇಳಿದ ಮನುಷ್ಯ 1930ರಲ್ಲಿ ತನ್ನ ಊರಿನ ಬೀದಿಯಲ್ಲೇ ಟ್ರ್ಯಾಮ್ ಬಡಿದು ತೀರಿಕೊಂಡರು. ಬೆಟ್ಟದ ದಾರಿಯಲ್ಲಲ್ಲ.

ಎರಡನೇ ದಿನ ಸೇಂಟ್ ಪೋನ್ಸ್ ಊರಿನವರೆಗೆ ನಿಧಾನದ ಏರು, ದಾರಿಯುದ್ದಕ್ಕೂ ಚೆಸ್ಟ್‌ನಟ್ ಮರಗಳು. ಮುಳ್ಳಿನ ಸಿಪ್ಪೆಯೊಡೆದ ಕಾಯಿಗಳು ದಾರಿಯ ಮೇಲೆ ಬಿದ್ದಿದ್ದವು. ಈ ಬೆಟ್ಟದವರು ಬಡತನದ ಕಾಲದಲ್ಲಿ ಇದನ್ನೇ ರೊಟ್ಟಿಯ ಹಾಗೆ ತಿಂದು ಬದುಕಿದವರು. ಸೇಂಟ್ ಪೋನ್ಸ್ ಊರಿನ ನಡುವೆಯೇ ಬಂಡೆಯ ಬುಡದಿಂದ ಜೋರ್ ನದಿ ಹುಟ್ಟುತ್ತದೆ. ಅಲ್ಲಿ ಕೈ ತೊಳೆದಾಗ ಮೊಣಕೈವರೆಗೆ ಜುಮ್ಮೆಂದಿತು. ನೀರಿನ ಬಗ್ಗೆ ಒಂದು ಮಾತು: ಹಳ್ಳಿಗಳ ಕಲ್ಲಿನ ಕಾರಂಜಿಗಳಲ್ಲಿ ‘ಓ ಪೊತಾಬ್ಲ್’ ಎಂದಿದ್ದರೆ ಕುಡಿಯಬಹುದು, ‘ನೋ ಪೊತಾಬ್ಲ್’ ಎಂದಿದ್ದರೆ ಕುಡಿಯಬೇಡಿ. ಎಲ್ಲೂ ಸಿಗದಿದ್ದರೆ ಸ್ಮಶಾನಕ್ಕೆ ಹೋಗಿ. ಹೂವಿಗೆ ನೀರು ಹಾಕಲೆಂದು ಅಲ್ಲಿ ನಲ್ಲಿ ಇರುತ್ತದೆ, ಸವಾರರೆಲ್ಲ ಅಲ್ಲೇ ಬಾಟಲಿ ತುಂಬಿಕೊಳ್ಳುತ್ತಾರೆ. ನಾವು ವುಝೂ ಮಾಡಿದ್ದೂ ಅಂಥದ್ದೊಂದರಲ್ಲೇ. ಕಿಬ್ಲಾ ಅಲ್ಲಿ ಆಗ್ನೇಯಕ್ಕೆ. ಹುಲ್ಲಿನ ಮೇಲೆ ಕಸ್ರ್ ನಮಾಝ್ ಮುಗಿಸುವಾಗ ಮುದುಕ ದಂಪತಿಯೊಬ್ಬರು ಸೈಕಲ್ ಇಳಿದು ಸದ್ದಿಲ್ಲದೆ ತಳ್ಳಿಕೊಂಡು ಹೋದರು, ಸಲಾಂ ಮುಗಿದ ಮೇಲೆ ದೂರದಿಂದ ಕೈಬೀಸಿದರು. ಎಪ್ಪತ್ತರ ಮೇಲಿದ್ದೀತು ವಯಸ್ಸು. ಬ್ಯಾಟರಿ ಸಹಾಯದ ಸೈಕಲ್. ತುಳಿದರೆ ಮಾತ್ರ ನೂಕುತ್ತದೆ, 25 ಕಿಲೋಮೀಟರ್ ವೇಗಕ್ಕೆ ನಿಂತುಬಿಡುತ್ತದೆ. ಇದು ಮೋಸವಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ: ಕೋಲು ಹಿಡಿದು ನಡೆಯುವುದು ಮೋಸವಾದರೆ ಇದೂ ಮೋಸ.

ಊಟಕ್ಕೆ ಅಂಗಡಿಗಳನ್ನು ನಂಬಬೇಡಿ. ಹಳ್ಳಿಗಳಲ್ಲಿ ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಭಾನುವಾರವೂ ಹಾಗೆಯೇ. ಹಲಾಲ್ ಮಾಂಸ ಹುಡುಕುತ್ತಾ ಕೂರುವುದಕ್ಕಿಂತ ರೊಟ್ಟಿ, ಮೊಟ್ಟೆ, ಹಣ್ಣು, ಹುರಿಗಡಲೆ ಕಟ್ಟಿಕೊಂಡು ಹೋಗುವುದೇ ಸುಖ.

ಕೂರ್ನಿಯೂ ಎಂಬ ಊರು ದಾಟಿದ ಮೇಲೆ ಫೆನೀಯ್ ಸುರಂಗ. ಮುಕ್ಕಾಲು ಕಿಲೋಮೀಟರ್ ಉದ್ದ. ಒಳಗೆ ಹಠಾತ್ತನೆ ತಣ್ಣಗಾಗುತ್ತದೆ, ಬೆವೆತ ಬೆನ್ನಿಗೆ ಆ ಚಳಿ ಒಳ್ಳೆಯದಲ್ಲ. ಹೊರಗೇ ನಿಂತು ಜಾಕೆಟ್ ಹಾಕಿಕೊಳ್ಳಿ. ಈ ಸುರಂಗದ ನೆತ್ತಿಯ ಮೇಲೆ ನೀರು ಇಬ್ಭಾಗವಾಗುತ್ತದೆ. ಹಿಂದೆ ಬಿದ್ದ ಮಳೆ ಮೆಡಿಟರೇನಿಯನ್ ಸಮುದ್ರಕ್ಕೆ, ಮುಂದೆ ಬಿದ್ದದ್ದು ಅಟ್ಲಾಂಟಿಕ್ ಸಾಗರಕ್ಕೆ. ಹೊರಬಂದಾಗ ನಾನು ಬ್ರೇಕ್ ಹಿಡಿದು ನಿಂತುಬಿಟ್ಟೆ. ಆ ಕಡೆ ಒಣ ಬಿಸಿಲು, ಬಿಳಿಚಿದ ಕಲ್ಲು, ದ್ರಾಕ್ಷಿ ತೋಟ. ಈ ಕಡೆ ಮಂಜು, ಪಾಚಿ ಕಟ್ಟಿದ ಗೋಡೆ, ಒದ್ದೆ ಹುಲ್ಲಿನಲ್ಲಿ ಹಸುಗಳು. ಕೆಲವೇ ನಿಮಿಷದಲ್ಲಿ ಸೀಮೆಯ ಮಿಝಾಜೇ ಹಾರ್ರ್-ಯಾಬಿಸ್‌ನಿಂದ ಬಾರಿದ್-ರತಬ್‌ಗೆ, ಎಂದರೆ ಬಿಸಿ-ಒಣದಿಂದ ತಂಪು-ತೇವಕ್ಕೆ ತಿರುಗಿತ್ತು. ಊರಿನ ಗಾಳಿ, ನೀರು, ನೆಲ ನೋಡಿಯೇ ರೋಗಿಯನ್ನು ನೋಡಬೇಕೆಂದು ಬುಕ್ರಾತ್ ಹೇಳಿದ್ದನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಚರ್ಮಕ್ಕೆ ತಾಗಿದ್ದು ಅಂದೇ. ನಾವು ಹೊರಟ ಎರೋ ಜಿಲ್ಲೆಯಲ್ಲೇ ಇರುವ ಮೊಂಪೆಲಿಯೆ ನಗರದ ವೈದ್ಯಶಾಲೆಗೆ 1220ರಲ್ಲಿ ನಿಯಮಾವಳಿ ಸಿಕ್ಕಿತು. ಅಲ್ಲಿನ ವಿದ್ಯಾರ್ಥಿಗಳು ಶತಮಾನಗಳ ಕಾಲ ಲ್ಯಾಟಿನ್‌ಗೆ ಬಂದ ಇಬ್ನು ಸೀನಾರನ್ನು ಓದಿದರು. ಅಲ್ಲಿಯ ಹಳೆಯ ವೈದ್ಯರು ನನ್ನ ಸಹಪಾಠಿಗಳೇ ಎನಿಸಿ ಖುಷಿಯಾಯಿತು.

ಮುಂದೆ ಮಝಾಮೆವರೆಗೆ ಇಳಿಜಾರು. ಒಂದು ಕಾಲದಲ್ಲಿ ಆಸ್ಟ್ರೇಲಿಯ, ಅರ್ಜೆಂಟೀನಾಗಳಿಂದ ಬಂದ ಕುರಿ ಚರ್ಮದಿಂದ ಉಣ್ಣೆ ಬಿಡಿಸಿ ಬದುಕಿದ ಪಟ್ಟಣವದು. ಮೂರನೇ ದಿನ ಅಸ್ರ್‌ಗೆ ಮುಂಚೆ ತಲುಪಿದೆವು. ನಮ್ಮ ಹಿಂದೆ ಬಂದ ಹುಡುಗರು ಇಡೀ ದಾರಿಯನ್ನು ಒಂದೇ ದಿನದಲ್ಲಿ ಮುಗಿಸಿದ್ದರಂತೆ. ಮುಗಿಸಲಿ.

ಮೊಣಕಾಲಿನ ಪ್ರಶ್ನೆ ನೀವು ಕೇಳುತ್ತೀರೆಂದು ಗೊತ್ತು. ನಡೆಯುವಾಗ ಮೈಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ಸೈಕಲ್‌ನಲ್ಲಿ ಬಹುಪಾಲನ್ನು ಸೀಟು ಹೊರುತ್ತದೆ. ಆದರೆ ಸೀಟು ತಗ್ಗಾಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಪೆಡಲ್ ತೀರ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೇರವಾಗಿ, ಸ್ವಲ್ಪವೇ ಬಾಗಿರಬೇಕು. ಏರಿನಲ್ಲಿ ಹಗುರ ಗೇರ್ ಹಾಕಿ ಬೇಗ ಬೇಗ ತುಳಿಯಿರಿ, ಭಾರದ ಗೇರ್‌ನಲ್ಲಿ ನಿಂತು ತುಳಿಯಬೇಡಿ. ಹೊರಡುವ ಮುನ್ನ ಒಣ ಕೈಯಿಂದ ಕಾಲು ತಿಕ್ಕಿ ಬೆಚ್ಚಗೆ ಮಾಡುವುದು, ಸಂಜೆ ಎಣ್ಣೆಯಿಂದ ಮೆಲ್ಲಗೆ ನೀವುವುದು, ಎರಡು ಬಗೆಯ ದಲ್ಕ್ ಕೂಡ ನಾವು ಮಾಡಿಕೊಂಡೆವು. ನನ್ನ ತೂಕ ಮೂರು ದಿನದಲ್ಲಿ ಏನೂ ಇಳಿಯಲಿಲ್ಲ. ಇಳಿಯಿತೆಂದು ಹೇಳುವವರನ್ನು ನಂಬಬೇಡಿ.

ಊರಿಗೆ ಮರಳಿದ ಮೇಲೆ ನನ್ನ ಚೀಟಿ ಬದಲಾಗಿದೆ. ‘ರಿಯಾಝತ್’ ಎಂಬುದರ ಮುಂದೆ ‘ಎಲ್ಲಿ, ಯಾರ ಜೊತೆ’ ಎಂದು ಎರಡು ಖಾಲಿ ಜಾಗ. ರೋಗಿಯ ಎದುರೇ ಕೇಳಿ ತುಂಬಿಸುತ್ತೇನೆ. ಫ್ರಾನ್ಸ್ ಎಂದು ಯಾರೂ ಹೇಳುವುದಿಲ್ಲ. ಶಾಲೆಯ ಮೈದಾನ, ಈದ್ಗಾ ಮೈದಾನ, ತಾರಸಿ, ತೋಟದ ದಾರಿ ಎನ್ನುತ್ತಾರೆ. ನಮ್ಮ ಕಡೆ ಭದ್ರಾ ನಾಲೆಯ ಏರಿ ಇದೆ. ಬೆಳಕು ಹರಿದ ಮೇಲೆ, ಗುಂಪಾಗಿ, ನೀರಿನ ಅಂಚು ಬಿಟ್ಟು ಹೋದರೆ ಒಳ್ಳೆಯ ದಾರಿ. ಸೊಂಟ ಮುರಿದಿದ್ದ ಆ ತಾಯಿಯ ಚೀಟಿಯಲ್ಲಿ ‘ನಾಲೆ ಏರಿ, ಸೇತುವೆಯಿಂದ ತೂಬಿನವರೆಗೆ, ಮಗಳ ಜೊತೆ’ ಎಂದು ಬರೆದಿದ್ದೇನೆ. ಕೋಲು ಹಿಡಿದು ನಡೆಯುತ್ತಾರೆ, ಮೊಮ್ಮಗಳು ಶಾಲೆಯ ಸೈಕಲ್‌ನಲ್ಲಿ ಮುಂದೆ ಹೋಗಿ ತಿರುಗಿ ಬರುತ್ತಾಳೆ. ಕಳೆದ ವಾರ ತೂಬು ದಾಟಿ ಹೋಗಿದ್ದರಂತೆ.